ತುಮಕೂರಿನ ಗಿಫ್ಟ್ ಅಂಗಡಿಗೆ ತ್ರೀ-ಇನ್-ಒನ್ ಮಷೀನ್ ತಗೊಳ್ಳಲಾ, ಬೇರೆಬೇರೆ ತಗೊಳ್ಳಲಾ?

ನಿಮ್ಮದು ತುಮಕೂರಿನಲ್ಲಿ ಸಣ್ಣ ಮಳಿಗೆ. ಕೀ ಚೈನ್, ನೇಮ್ ಪ್ಲೇಟ್, ತಿಪಟೂರು ಕಡೆಯ ತೆಂಗಿನ ಚಿಪ್ಪಿನ ಮೇಲೆ ಹೆಸರು, ಆಗಾಗ ಪ್ಲಾಸ್ಟಿಕ್ ಬಿಡಿಭಾಗ. ತ್ರೀಡಿ ಪ್ರಿಂಟರ್, ಲೇಸರ್, ಸಿಎನ್‌ಸಿ (ತಿರುಗುವ ಬಿಟ್‌ನಿಂದ ಕೆತ್ತುವುದು) ಮೂರೂ ಒಂದರಲ್ಲೇ ಇರುವ ಮಷೀನ್ ಸಾಕಾ ಅಂತ ಕೇಳಿದ್ದೀರಿ. ನಾನು ಬೇಡ ಅಂತಲೇ ಹೇಳುತ್ತೇನೆ. ಪ್ರಿಂಟರ್ ಒಂದು, ಡಯೋಡ್ ಲೇಸರ್ (ನೀಲಿ ಬೆಳಕಿನದು) ಒಂದು ತಗೊಳ್ಳಿ. ಸಿಎನ್‌ಸಿ ಕೆಲಸ ಸದ್ಯಕ್ಕೆ ಹೊರಗೆ ಕೊಡಿ.

ತ್ರೀ-ಇನ್-ಒನ್ ಮಷೀನಿನಲ್ಲಿ ಒಂದು ಸಲಕ್ಕೆ ಒಂದೇ ಹೆಡ್ ಕೂರುತ್ತದೆ. ಅಂಗೈಯಗಲದ ಬಿಡಿಭಾಗ ಪ್ರಿಂಟ್ ಆಗಲು ಐದಾರು ಗಂಟೆ ಹಿಡಿಯುವುದುಂಟು. ನಡುವೆ ಗಿರಾಕಿ ಬಂದು ಕೀ ಚೈನಿಗೆ ಹೆಸರು ಹಾಕಿಕೊಡಿ ಅಂದರೆ ಅದು ಐದು ನಿಮಿಷದ ಕೆಲಸ, ಆದರೆ ಲೇಸರ್ ಹೆಡ್ ಡ್ರಾಯರಿನಲ್ಲಿರುತ್ತದೆ. ಪ್ರಿಂಟ್ ಮುಗಿದ ಮೇಲೂ ಹೀಟ್ ಬೆಡ್ (ಪ್ರಿಂಟ್ ಕೂರುವ ಬಿಸಿ ತಟ್ಟೆ) ಬಿಚ್ಚಬೇಕು, ಹೆಡ್ ಬದಲಿಸಬೇಕು, ಫೋಕಸ್ ಹೊಂದಿಸಬೇಕು. ಮತ್ತೆ ಪ್ರಿಂಟಿಗೆ ಬಂದಾಗ ಲೆವೆಲಿಂಗ್, ಅಂದರೆ ಬೆಡ್ಡಿನ ಮಟ್ಟ ಹೊಂದಿಸುವುದು, ಮೊದಲಿನಿಂದ. ಮೊದಲ ಪದರದ ದಪ್ಪವೇ 0.2 ಮಿ.ಮೀ.; ಬೆಡ್ ಅದರ ಅರ್ಧದಷ್ಟು ತಗ್ಗಾದರೂ ಮೂಲೆ ಎದ್ದುಬಿಡುತ್ತದೆ.

ಇನ್ನೂ ದೊಡ್ಡ ತೊಂದರೆ ಸಿಎನ್‌ಸಿಯದು. ಪ್ರಿಂಟರಿನ ಹೆಡ್ ಹಗುರವಾಗಿ ಸರಸರ ಓಡಬೇಕು. ಲೇಸರ್ ವಸ್ತುವನ್ನು ಮುಟ್ಟುವುದೇ ಇಲ್ಲ. ಸಿಎನ್‌ಸಿ ಬಿಟ್ ಮಾತ್ರ ಮರವನ್ನು ಒತ್ತಿ ತಳ್ಳುತ್ತದೆ, ಮರವೂ ಅಷ್ಟೇ ಬಲವಾಗಿ ವಾಪಸ್ ತಳ್ಳುತ್ತದೆ. ಫ್ರೇಮ್ ಭಾರವಾಗಿ ಗಟ್ಟಿಯಾಗಿಲ್ಲದಿದ್ದರೆ ಅಕ್ಷರದ ಅಂಚು ಅಲೆಅಲೆಯಾಗುತ್ತದೆ, ಸಣ್ಣ ಬಿಟ್ ಪಟ್ಟನೆ ಮುರಿಯುತ್ತದೆ. ಇಂಥದ್ದೇ ತ್ರೀ-ಇನ್-ಒನ್ ಮಷೀನ್ ಸ್ನಾಪ್‌ಮೇಕರ್ 2.0 ಜೊತೆಗಿನ ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟರು) 50 ವ್ಯಾಟಿನದು. ಬಡಗಿಗಳು ಕೈಯಲ್ಲಿ ಹಿಡಿಯುವ ಟ್ರಿಮ್ಮರೇ ಸಾಮಾನ್ಯವಾಗಿ 500 ವ್ಯಾಟಿನ ಆಸುಪಾಸಿನದು. ತೇಗದಲ್ಲಿ ಒಂದೊಂದು ಸುತ್ತಿನಲ್ಲೂ ಅರ್ಧ ಮಿ.ಮೀ. ಇಳಿಸುತ್ತಾ 5 ಮಿ.ಮೀ. ಆಳಕ್ಕೆ ಹತ್ತು ಸುತ್ತು ಹೊಡೆಯಬೇಕಾಗುತ್ತದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕೆತ್ತಿದಾಗ ಬರುವ ಹಿಟ್ಟಿನಂಥ ಧೂಳು ಹೆಡ್ ಓಡುವ ರೈಲು, ಸ್ಕ್ರೂಗಳ ಗ್ರೀಸಿಗೆ ಕಲೆತು ಅರೆಯುವ ಪೇಸ್ಟ್ ಆಗುತ್ತದೆ; ಪ್ರಿಂಟ್ ಬೆಡ್ ಮೇಲೆ ಕೂತರೆ ಪ್ಲಾಸ್ಟಿಕ್ ಹಿಡಿಯುವುದೇ ಇಲ್ಲ. ಆಳದ ಕೆತ್ತನೆಯ ನೇಮ್ ಪ್ಲೇಟ್ ಆರ್ಡರ್ ಬಂದರೆ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಕಡೆ ಜಾಬ್ ವರ್ಕ್ ವಿಚಾರಿಸಿ, ಇಲ್ಲವಾದರೆ ಬೆಂಗಳೂರಿನ ಪೀಣ್ಯ ಇದ್ದೇ ಇದೆ.

ಲೇಸರ್ ಕೊಳ್ಳುವಾಗ ಡಬ್ಬಿಯ ಮೇಲಿನ 40 ವ್ಯಾಟ್, 80 ವ್ಯಾಟ್ ನೋಡಿ ಮರುಳಾಗಬೇಡಿ. ಎಷ್ಟೋ ಸಲ ಅದು ಎಳೆಯುವ ಕರೆಂಟಿನ ಲೆಕ್ಕ. ಆಪ್ಟಿಕಲ್ ಔಟ್‌ಪುಟ್, ಅಂದರೆ ಹೊರಬರುವ ಬೆಳಕಿನ ಶಕ್ತಿ, ಎಷ್ಟು ಅಂತ ಕೇಳಿ. 10 ವ್ಯಾಟ್ ಆಪ್ಟಿಕಲ್ ಇದ್ದರೆ 3 ಮಿ.ಮೀ. ಪ್ಲೈವುಡ್ ಕತ್ತರಿಸಬಹುದು. ಪಾರದರ್ಶಕ ಅಕ್ರಿಲಿಕ್ ಮಾತ್ರ ಆಗದು: ಡಯೋಡ್ ಲೇಸರಿನ ನೀಲಿ ಬೆಳಕು ಅದರೊಳಗಿಂದ ತೂರಿಹೋಗುತ್ತದೆ. ಅದಕ್ಕೆ ಸಿಓಟು (ಕಾರ್ಬನ್ ಡೈಆಕ್ಸೈಡ್ ಅನಿಲದ) ಲೇಸರ್ರೇ ಬೇಕು. ಬೋರ್ಡ್ ಅಂಗಡಿಯವರು ಬಳಸುವ ಸನ್‌ಬೋರ್ಡ್ ಪಿವಿಸಿಯದಾಗಿದ್ದರೆ ಯಾವ ಲೇಸರಿಗೂ ಕೊಡಬೇಡಿ. ಸುಟ್ಟಾಗ ಬರುವ ಹೈಡ್ರೋಜನ್ ಕ್ಲೋರೈಡ್ ಶ್ವಾಸಕೋಶ ಕೆಡಿಸುತ್ತದೆ, ಮಷೀನಿಗೂ ತುಕ್ಕು ಹಿಡಿಸುತ್ತದೆ.

ಚಿಪ್ಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲು ನಾರು ಹೋಗುವವರೆಗೆ 120ರ ಉಪ್ಪುಕಾಗದ, ಆಮೇಲೆ 320. ಹತ್ತು ಸೆಂ.ಮೀ. ವ್ಯಾಸದ ಚಿಪ್ಪಿನಲ್ಲಿ 25 ಮಿ.ಮೀ. ಅಗಲದ ಹೆಸರು ಬರೆದರೆ, ಕೊನೆಯ ಅಕ್ಷರ ನಡುವಿನ ಅಕ್ಷರಕ್ಕಿಂತ ಸುಮಾರು ಒಂದೂವರೆ ಮಿ.ಮೀ. ಕೆಳಗಿರುತ್ತದೆ. ಫೋಕಸನ್ನು ನೆತ್ತಿಗೆ ಹಿಡಿದರೆ ಅಂಚಿನ ಅಕ್ಷರ ದಪ್ಪಗೆ, ಮಸುಕಾಗಿ ಬರುತ್ತದೆ. ನೆತ್ತಿಗಿಂತ ಮುಕ್ಕಾಲು ಮಿ.ಮೀ. ಕೆಳಗೆ ಹಿಡಿದರೆ ಎರಡೂ ಕಡೆ ಸಮ. ಉದ್ದ ಹೆಸರಾದರೆ ಎರಡು ಸಾಲು ಮಾಡಿ. ಚಿಪ್ಪು ಅಲುಗದಂತೆ ಅದರ ಅಳತೆಗೆ ಒಂದು ಬಟ್ಟಲನ್ನು ಪ್ರಿಂಟ್ ಮಾಡಿಕೊಳ್ಳಿ.

ಬಿಡಿಭಾಗಕ್ಕೆ ಪಿಎಲ್‌ಎ ಪ್ಲಾಸ್ಟಿಕ್ ಸುಲಭ, ಆದರೆ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಉಳಿಯದು. ಅಂಥದ್ದಕ್ಕೆ ಇನ್ನಷ್ಟು ಬಿಸಿ ತಡೆಯುವ ಪೆಟ್‌ಜಿ ಪ್ಲಾಸ್ಟಿಕ್.

ಮೂರೂ ಒಂದರಲ್ಲಿರುವ ಮಷೀನ್ ಶಾಲೆಯ ಲ್ಯಾಬಿಗೆ, ಮನೆಯಲ್ಲಿ ಒಂದೇ ಮೇಜು ಇಟ್ಟುಕೊಂಡು ಕಲಿಯುವವರಿಗೆ ಒಳ್ಳೆಯದೇ. ಅಲ್ಲಿ ಗಿರಾಕಿ ಕಾಯುತ್ತಿರುವುದಿಲ್ಲ.

ದುಡ್ಡು ಒಟ್ಟಿಗೆ ಹೊಂದದಿದ್ದರೆ ಮೊದಲು ಲೇಸರ್ ತನ್ನಿ, ನಿಮ್ಮ ಪಟ್ಟಿಯಲ್ಲಿ ಹೆಚ್ಚಿನವು ಅದರ ಕೆಲಸವೇ. ಜೊತೆಗೆ ಲೇಸರಿನ 450 ನ್ಯಾನೋಮೀಟರ್ ನೀಲಿ ಬೆಳಕನ್ನು ತಡೆಯುವ ಕನ್ನಡಕ, ನಾಲ್ಕು ಇಂಚಿನ ಎಕ್ಸಾಸ್ಟ್ ಫ್ಯಾನ್, ಹೊಗೆ ಗೋಡೆಯಾಚೆ ಹೋಗುವಷ್ಟು ಪೈಪು. ಲೇಸರ್ ಓಡುವಾಗ ಟೀ ಕುಡಿಯಲು ಕೂಡ ಹೊರಗೆ ಹೋಗಬೇಡಿ. ಪ್ಲೈವುಡ್ ಹೊತ್ತಿಕೊಳ್ಳಲು ಅರೆ ನಿಮಿಷ ಸಾಕು.