ಕಸ್ಟಮ್ಸ್‌ನಲ್ಲಿ ಸರಕಿನ ಬಿಡುಗಡೆಗೆ ಹಿಡಿಯುವ ಸಮಯವನ್ನು ಅಳೆಯುವುದು ಹೇಗೆ? ಪ್ರಕಟವಾಗುವ ಸರಾಸರಿಯನ್ನು ನಂಬಬಹುದೇ?

ನೀವು ಎರಡು ವಿಷಯ ಕೇಳಿದ್ದೀರಿ: ಸರಕಿನ ಬಿಡುಗಡೆಗೆ ಹಿಡಿಯುವ ಸಮಯವನ್ನು ಕಸ್ಟಮ್ಸ್ ಇಲಾಖೆಗಳು ಅಳೆಯುವ ಕ್ರಮ ಯಾವುದು, ಹಾಗೆ ಅಳೆದು ಪ್ರಕಟಿಸಿದ ಸರಾಸರಿಯನ್ನು ಆಮದುದಾರ ನಂಬಿ ನಡೆಯಬಹುದೇ ಎಂದು. ಆಮದು ದಾಖಲೆಗಳ ಕೆಲಸದಲ್ಲಿ ಬಹುಕಾಲ ಇದ್ದು, ಇಂಥದೊಂದು ಅಧ್ಯಯನದ ಕಾರ್ಯಗುಂಪಿನಲ್ಲಿ ಕಸ್ಟಮ್ಸ್ ಏಜೆಂಟರ (ಆಮದುದಾರರ ಪರವಾಗಿ ದಾಖಲೆ ಸಲ್ಲಿಸುವವರ) ಪರವಾಗಿ ಕುಳಿತಿದ್ದ ನನಗೆ ತೋರುವಂತೆ, ಎರಡನೆಯದಕ್ಕೆ ಉತ್ತರ ಮೊದಲನೆಯದರಲ್ಲಿಯೇ ಇದೆ. ಎಣಿಕೆಯನ್ನು ಯಾವ ಘಟನೆಯಿಂದ ಆರಂಭಿಸಿ ಯಾವುದಕ್ಕೆ ನಿಲ್ಲಿಸಿದ್ದಾರೆ, ನಡುವಿನ ಗಂಟೆಗಳನ್ನು ಯಾರ ಲೆಕ್ಕಕ್ಕೆ ಬರೆದಿದ್ದಾರೆ ಎಂಬುದು ಗೊತ್ತಿಲ್ಲದಿದ್ದರೆ ಆ ಸರಾಸರಿಯಿಂದ ವ್ಯಾಪಾರಿಗೆ ಉಪಯೋಗವಿಲ್ಲ.

ಈ ಅಳತೆಗೆ ಟೈಮ್ ರಿಲೀಸ್ ಸ್ಟಡಿ ಎಂಬ ಹೆಸರು ಚಾಲ್ತಿಯಲ್ಲಿದೆ. ಜಪಾನ್ 1991ರಲ್ಲಿಯೇ ಇದನ್ನು ಆರಂಭಿಸಿತ್ತು. ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಘಟನೆ ಇದಕ್ಕೊಂದು ಮಾರ್ಗದರ್ಶಿ ರೂಪಿಸಿ, 2011ರಲ್ಲಿಯೂ 2018ರಲ್ಲಿಯೂ ಪರಿಷ್ಕರಿಸಿತು. 2013ರ ಡಿಸೆಂಬರ್‌ನಲ್ಲಿ ಬಾಲಿಯಲ್ಲಿ ಒಪ್ಪಿಗೆಯಾಗಿ 2017ರ ಫೆಬ್ರುವರಿ 22ರಂದು ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮತೆ ಒಪ್ಪಂದದ 7ನೇ ವಿಧಿಯ 6ನೇ ಭಾಗವು, ಸರಾಸರಿ ಬಿಡುಗಡೆ ಸಮಯವನ್ನು ಆಗಾಗ ಏಕರೀತಿಯಲ್ಲಿ ಅಳೆದು ಪ್ರಕಟಿಸುವಂತೆ ಸದಸ್ಯ ದೇಶಗಳನ್ನು ಪ್ರೋತ್ಸಾಹಿಸುತ್ತದೆ. ಅದು ಕಡ್ಡಾಯವಲ್ಲ. ಅಳತೆಯ ವ್ಯಾಪ್ತಿ ಮತ್ತು ವಿಧಾನವನ್ನು ಪ್ರತಿ ದೇಶವೂ ತನ್ನ ಅಗತ್ಯ ಮತ್ತು ಸಾಮರ್ಥ್ಯಕ್ಕೆ ತಕ್ಕಂತೆ ನಿರ್ಧರಿಸಿಕೊಳ್ಳಬಹುದು ಎಂದು ಅಡಿಟಿಪ್ಪಣಿಯೇ ಹೇಳುತ್ತದೆ. ಆದ್ದರಿಂದ ಎರಡು ದೇಶಗಳ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಯಾವುದು ಚುರುಕು ಎಂದು ತೀರ್ಪು ಕೊಡುವುದು ಬಹುಮಟ್ಟಿಗೆ ಅರ್ಥಹೀನ. ಒಂದೇ ದೇಶದ ಒಂದೇ ಬಂದರನ್ನು ಒಂದೇ ವಿಧಾನದಿಂದ ಮತ್ತೆ ಮತ್ತೆ ಅಳೆದಾಗ ಮಾತ್ರ ಹೋಲಿಕೆಗೆ ಬೆಲೆ ಬರುತ್ತದೆ.

ಅಳೆಯುವ ಕ್ರಮ ಹೀಗಿದೆ. ಸಾಮಾನ್ಯವಾಗಿ ಹಬ್ಬ, ರಜೆಗಳ ಒತ್ತಡವಿಲ್ಲದ ಒಂದು ವಾರವನ್ನು ಆಯ್ದುಕೊಂಡು, ಆ ಅವಧಿಯಲ್ಲಿ ಬಂದ ಅಥವಾ ಘೋಷಣೆ (ಸರಕಿನ ವಿವರವನ್ನು ಕಸ್ಟಮ್ಸ್‌ಗೆ ತಿಳಿಸುವ ದಾಖಲೆ) ಸಲ್ಲಿಕೆಯಾದ ಸರಕುಗಳನ್ನು ಹಿಂಬಾಲಿಸಲಾಗುತ್ತದೆ. ಹಡಗು ಬಂದದ್ದು, ಕಂಟೇನರ್ ಇಳಿದದ್ದು, ಘೋಷಣೆ ಸಲ್ಲಿಸಿದ್ದು, ಸಸ್ಯ ಸಂಗರೋಧ ಅಥವಾ ಆಹಾರ ಸುರಕ್ಷತೆಯಂಥ ಬೇರೆ ಇಲಾಖೆಗಳ ಅನುಮತಿ ಸಿಕ್ಕಿದ್ದು, ಸುಂಕ ಕಟ್ಟಿದ್ದು, ತಪಾಸಣೆ ಮುಗಿದದ್ದು, ಬಿಡುಗಡೆಯ ಆದೇಶ ಹೊರಟದ್ದು, ಕೊನೆಗೆ ಲಾರಿ ಬಂದರಿನ ಗೇಟು ದಾಟಿದ್ದು ಎಂದು ಪ್ರತಿ ಹಂತದ ದಿನಾಂಕ ಮತ್ತು ಗಳಿಗೆಯನ್ನು ದಾಖಲಿಸಬೇಕು. ಇವುಗಳಲ್ಲಿ ಹೆಚ್ಚಿನವು ಕಂಪ್ಯೂಟರ್ ವ್ಯವಸ್ಥೆಯಿಂದಲೇ ದೊರೆಯುತ್ತವೆ. ಆದರೆ ತಪಾಸಣೆಗೆಂದು ಕಂಟೇನರನ್ನು ಯಾರ್ಡಿಗೆ ಸಾಗಿಸಿದ್ದು, ಅಲ್ಲಿ ಕೂಲಿಯಾಳುಗಳಿಗಾಗಿ ಕಾದದ್ದು, ಮಾದರಿ ಪ್ರಯೋಗಾಲಯಕ್ಕೆ ಹೋಗಿ ವರದಿ ಬಂದದ್ದು ಇವು ಅನೇಕ ಕಡೆ ಯಾವ ಪರದೆಯ ಮೇಲೂ ಕಾಣುವುದಿಲ್ಲ. ಅವನ್ನು ಸ್ಥಳದಲ್ಲಿ ನಿಂತು ನಮೂನೆಯಲ್ಲಿ ಬರೆದುಕೊಳ್ಳಬೇಕು, ಮತ್ತು ನನ್ನ ಅನುಭವದಲ್ಲಿ ವಿಳಂಬದ ಅಸಲಿ ಕಾರಣಗಳು ಸಿಗುವುದು ಆ ನಮೂನೆಗಳಲ್ಲಿಯೇ.

ಇಲ್ಲಿ ಹೊರಗಿನವರ ಕಣ್ಣಿಗೆ ಬೀಳದ ಒಂದು ತೊಡಕಿದೆ. ಅಧ್ಯಯನದ ವಾರ ಮುಗಿದ ದಿನವೇ ಪುಸ್ತಕ ಮುಚ್ಚಿ, ಅಷ್ಟರೊಳಗೆ ಹೊರಬಿದ್ದ ಸರಕುಗಳನ್ನು ಮಾತ್ರ ಎಣಿಸಿದರೆ, ಎಲ್ಲಕ್ಕಿಂತ ಹೆಚ್ಚು ತಡವಾದವು ಲೆಕ್ಕದಿಂದಲೇ ಜಾರಿಹೋಗಿ ಸರಾಸರಿ ಸುಂದರವಾಗಿ ಕಾಣುತ್ತದೆ. ಆಯ್ದುಕೊಂಡ ಸರಕು ಎಷ್ಟೇ ದಿನವಾದರೂ ಗೇಟು ದಾಟುವವರೆಗೆ ಅದನ್ನು ಬಿಡಬಾರದು, ಬಿಟ್ಟರೆ ಎಷ್ಟು ಬಿಟ್ಟೆವೆಂದು ವರದಿಯಲ್ಲಿ ಹೇಳಬೇಕು.

ಇನ್ನು ಸರಾಸರಿಯ ಮಾತು. ಹತ್ತು ಸರಕುಗಳಲ್ಲಿ ಒಂಬತ್ತು ಒಂದೊಂದು ದಿನದಲ್ಲಿ ಹೊರಬಂದು, ಹತ್ತನೆಯದು ಇಪ್ಪತ್ತೊಂದು ದಿನ ನಿಂತಿತೆಂದು ಇಟ್ಟುಕೊಳ್ಳಿ. ಸರಾಸರಿ ಮೂರು ದಿನ ಬರುತ್ತದೆ. ಆದರೆ ಮೂರು ದಿನ ಹಿಡಿದ ಸರಕು ಅಲ್ಲಿ ಒಂದೂ ಇಲ್ಲ. ಮಧ್ಯಾಂಕ, ಅಂದರೆ ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ, ಒಂದು ದಿನ ಎನ್ನುತ್ತದೆ, ಅದು ಆ ಹತ್ತನೆಯವನ ಸಂಕಟವನ್ನು ಪೂರ್ತಿ ಮುಚ್ಚಿಬಿಡುತ್ತದೆ. ವ್ಯಾಪಾರಿಗೆ ಬೇಕಾದದ್ದು ಸಮಯದ ಹರಹು, ಏಕೆಂದರೆ ಗೋದಾಮಿನಲ್ಲಿ ಹೆಚ್ಚುವರಿ ದಾಸ್ತಾನು ಎಷ್ಟು ಇಡಬೇಕೆಂದು ಅವನು ನಿರ್ಧರಿಸುವುದು ಕೆಟ್ಟ ದಿನವನ್ನು ಎದುರಿಗಿಟ್ಟುಕೊಂಡು. ಆದ್ದರಿಂದ ತಪಾಸಣೆಯಿಲ್ಲದೆ ಬಿಡುಗಡೆಯಾದವು, ದಾಖಲೆ ಮಾತ್ರ ನೋಡಿದವು, ಕಂಟೇನರ್ ತೆರೆದು ನೋಡಿದವು ಎಂದು ಬಿಡಿಸಿ ತೋರಿಸದ ವರದಿಯನ್ನು ನಾನು ಅರೆಬರೆ ವರದಿಯೆಂದೇ ತಿಳಿಯುತ್ತೇನೆ.

ಗಂಟೆಗಳನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಎಂಬುದರ ಮೇಲೆ ಕಾರ್ಯಗುಂಪಿನಲ್ಲಿ ಅತಿ ಹೆಚ್ಚು ವಾಗ್ವಾದ ನಡೆಯುತ್ತದೆ. ಕಸ್ಟಮ್ಸ್‌ನವರು ಘೋಷಣೆ ಸಲ್ಲಿಕೆಯಿಂದ ಎಣಿಸಬೇಕೆನ್ನುತ್ತಾರೆ, ನಮ್ಮಂಥವರು ಹಡಗು ಬಂದ ಗಳಿಗೆಯಿಂದ ಎನ್ನುತ್ತೇವೆ. ಎರಡನ್ನೂ ಎಣಿಸಿ ಬೇರೆಬೇರೆ ತೋರಿಸುವುದೇ ಸರಿ. ಹಾಗೆ ತೋರಿಸಿದಾಗ ಏಜೆಂಟರಿಗೂ ಮುಜುಗರವಾಗುವುದುಂಟು: ಆಮದುದಾರನೇ ಘೋಷಣೆಯನ್ನು ತಡವಾಗಿ ಸಲ್ಲಿಸಿದ್ದು, ಸುಂಕದ ಹಣ ಹೊಂದಿಸಲು ದಿನ ದೂಡಿದ್ದು, ಬಂದರಿನಲ್ಲಿ ಬಾಡಿಗೆಯಿಲ್ಲದ ದಿನಗಳು ಮುಗಿಯುವವರೆಗೆ ಸರಕನ್ನು ಅಲ್ಲಿಯೇ ಬಿಟ್ಟದ್ದು ಆಗ ಎದ್ದು ಕಾಣುತ್ತವೆ. ಪರಿಹಾರ ಆಯಾ ಹಂತಕ್ಕೆ ತಕ್ಕಂತೆ ಬೇರೆಯಾಗುತ್ತದೆ. ಘೋಷಣೆ ತಡವಾಗುತ್ತಿದ್ದರೆ ಸರಕು ಬರುವ ಮೊದಲೇ ದಾಖಲೆ ಸ್ವೀಕರಿಸುವ ಏರ್ಪಾಡು ಬೇಕು, ಸುಂಕದ ಮೊತ್ತದ ತಕರಾರಿನಿಂದ ತಡವಾಗುತ್ತಿದ್ದರೆ ಖಾತರಿ ಪಡೆದು ಸರಕನ್ನು ಬಿಟ್ಟು ಲೆಕ್ಕವನ್ನು ಆಮೇಲೆ ತೀರಿಸಬಹುದು, ತಪಾಸಣೆ ಮಿತಿಮೀರಿದ್ದರೆ ಅಪಾಯ ಹೆಚ್ಚಿರುವ ಸರಕನ್ನಷ್ಟೇ ಆರಿಸಿ ನೋಡಬೇಕು. ಇವೆಲ್ಲವೂ ಅದೇ 7ನೇ ವಿಧಿಯಲ್ಲಿವೆ. ಆದರೆ ಎಲ್ಲಿ ಯಾವುದು ಬೇಕೆಂದು ಹೇಳುವ ಶಕ್ತಿ ಇರುವುದು ಅಳತೆಗೆ.

ವಿಳಂಬದ ಬೆಲೆ ಸಣ್ಣದಲ್ಲ. ಸರಕು ಹಡಗು ಹತ್ತುವ ಮೊದಲು ತಡವಾಗುವ ಪ್ರತಿ ಹೆಚ್ಚುವರಿ ದಿನಕ್ಕೆ ವ್ಯಾಪಾರ ಶೇ 1ಕ್ಕಿಂತ ಹೆಚ್ಚು ಕುಗ್ಗುತ್ತದೆ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತ್ತು.

ಬಂದರಿನ ಇಂಥ ವರದಿಯನ್ನು ಓದುವಾಗ, ಬಿಡುಗಡೆಯ ಆದೇಶಕ್ಕೂ ಗೇಟು ದಾಟಿದ್ದಕ್ಕೂ ನಡುವಿನ ಅಂತರವನ್ನು ತೋರಿಸಿದ್ದಾರೆಯೇ ಎಂದು ಮೊದಲು ನೋಡಿ. ಆದೇಶಕ್ಕೆ ಎಣಿಕೆ ನಿಲ್ಲಿಸಿದ ವರದಿಯಲ್ಲಿ ಸರಕು ಬಿಡುಗಡೆಯಾಗಿರುತ್ತದೆ, ಯಾರ್ಡಿನಲ್ಲಿ ಮಾತ್ರ ಹಾಗೆಯೇ ನಿಂತಿರುತ್ತದೆ. ಆಮೇಲೆ ನಿಮ್ಮದೇ ಹಿಂದಿನ ಸರಕುಗಳ ದಿನಾಂಕಗಳನ್ನು ಏಜೆಂಟರಿಂದ ಹಂತವಾರು ತರಿಸಿಕೊಂಡು ಆ ವರದಿಯ ಹಂತಗಳಿಗೆ ಹೋಲಿಸಿ. ವ್ಯತ್ಯಾಸ ಘೋಷಣೆಗೆ ಮೊದಲೇ ಬಿದ್ದಿದ್ದರೆ ಕಸ್ಟಮ್ಸ್‌ಗೆ ದೂರು ಬರೆಯುವ ಮುನ್ನ ರಫ್ತುದಾರರು ಇನ್‌ವಾಯ್ಸ್ ಮತ್ತು ಪ್ಯಾಕಿಂಗ್ ಪಟ್ಟಿಯನ್ನು ಯಾವ ದಿನ ಕಳುಹಿಸಿದರೆಂದು ವಿಚಾರಿಸಿ.