‘ಇವತ್ತು ಏನು ಕಲಿತೆ?’ ‘ಏನೂ ಇಲ್ಲ’

ಶಾಲೆ ಶುರುವಾಗಿ ತಿಂಗಳಾಗುವ ಹೊತ್ತಿಗೆ ಈ ಅಂಕಣಕ್ಕೆ ಎಲ್‌ಕೆಜಿ ಪತ್ರಗಳು ರಾಶಿ ಬೀಳುತ್ತವೆ. ಬಹಳ ವರ್ಷ ಎಲ್‌ಕೆಜಿ ಮಿಸ್ ಆಗಿದ್ದವಳು ಅಂತ ಅವೆಲ್ಲ ನನ್ನ ಮೇಜಿಗೇ ಬರುತ್ತವೆ. ಈ ಸಲ ನಾಲ್ಕು.

ಪ್ರಶ್ನೆ: ಮಗಳಿಗೆ ನಾಲ್ಕು ವರ್ಷ. ಎಲ್‌ಕೆಜಿಗೆ ಸೇರಿಸಿ ತಿಂಗಳಾಯಿತು, ನೋಟ್‌ಬುಕ್ಕಿನಲ್ಲಿ ಒಂದಕ್ಷರ ಇಲ್ಲ. ಏನು ಕಲಿತೆ ಅಂದರೆ ‘ಏನೂ ಇಲ್ಲ’ ಅಂತಾಳೆ. ಪಕ್ಕದ ಮನೆ ಹುಡುಗ ಬೇರೆ ಶಾಲೆ, ಆಗಲೇ ಎಬಿಸಿಡಿ ಪೂರ್ತಿ ಬರೆಯುತ್ತಾನೆ. ಇಷ್ಟು ಫೀಸು ಕಟ್ಟಿ ಸುಮ್ನೆ ಆಡೋಕೆ ಕಳಿಸುತ್ತಿದ್ದೇವಾ?
– ಒಬ್ಬ ತಾಯಿ, ಹಾಸನ

ಉತ್ತರ: ಹೌದು, ಆಡೋಕೇ ಕಳಿಸುತ್ತಿದ್ದೀರಿ. ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ 1840ರಲ್ಲಿ ಕಿಂಡರ್‌ಗಾರ್ಟನ್ ಅಂದರೆ ‘ಮಕ್ಕಳ ತೋಟ’ ಅಂತ ಹೆಸರಿಟ್ಟಾಗ, ಆ ಮಕ್ಕಳ ಕೈಗೆ ಕೊಟ್ಟಿದ್ದು ಉಣ್ಣೆಯ ಚೆಂಡು, ಮರದ ತುಂಡುಗಳು. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರ್ಷದವರೆಗಿನದ್ದನ್ನು ಒಂದೇ ಬುನಾದಿ ಹಂತ ಅಂತ ಇಟ್ಟು, ಆಟದಿಂದಲೇ ಕಲಿಸಿ ಅನ್ನುತ್ತದೆ. ಅದೇ ವರ್ಷದ ಶಾಲಾ ಬ್ಯಾಗ್ ನೀತಿ ಎರಡನೇ ತರಗತಿವರೆಗೆ ಹೋಂವರ್ಕೇ ಬೇಡ ಅಂದಿದೆ. ಪಾಲಿಸುವ ಶಾಲೆ ಎಷ್ಟಿವೆ ಅಂತ ಮಾತ್ರ ನನ್ನನ್ನು ಕೇಳಬೇಡಿ.

ಈಗ ನಿಮ್ಮ ಮಗಳ ಬೆಳಗ್ಗೆ ನೋಡಿ. ಒಳಗೆ ಬಂದವಳು ಶೂ ಬಿಚ್ಚಿ ತನ್ನ ಗೂಡಿನಲ್ಲಿ ಇಡಬೇಕು, ಬ್ಯಾಗನ್ನು ತನ್ನ ಚಿತ್ರ ಅಂಟಿಸಿದ ಕೊಕ್ಕೆಗೆ ಹಾಕಬೇಕು, ನೀರಿನ ಬಾಟಲಿ ಬೇರೆ ಕಡೆ ಇಟ್ಟು ಚಾಪೆಯ ಮೇಲೆ ಬಂದು ಕೂರಬೇಕು. ಆಮೇಲೆ ಪ್ರಾರ್ಥನೆ, ಹಾಜರಿ, ಇವತ್ತು ಯಾವ ವಾರ, ಹೊರಗೆ ಮಳೆಯಾ ಬಿಸಿಲಾ ಅನ್ನೋ ಮಾತು, ಹಾಡು. ಆಮೇಲೆ ಜೇಡಿಮಣ್ಣೋ ಮಣಿ ಪೋಣಿಸುವುದೋ ಏನಾದರೊಂದು ಕೈಕೆಲಸ. ಕೈ ತೊಳೆದು ತಿಂಡಿ, ಹೊರಗೆ ಆಟ, ಕಥೆ, ಮನೆ. ಒಂದೊಂದು ಶಾಲೆಯಲ್ಲಿ ಹಿಂದೆಮುಂದೆ ಆಗಬಹುದು, ಆದರೆ ಒಂದು ಶಾಲೆಯಲ್ಲಿ ದಿನವೂ ಇದೇ ಕ್ರಮ. ಮನೆಯಲ್ಲಿ ಶೂ ಹಾಕಿಸೋಕೆ ಇಬ್ಬರು ಬೇಕಾಗಿದ್ದ ಮಗು, ಇಪ್ಪತ್ತೈದು ಮಕ್ಕಳ ಮಧ್ಯೆ ತನ್ನ ಸರದಿಗೆ ಕಾದು, ತಾನೇ ನಲ್ಲಿ ತಿರುಗಿಸಿ, ತಾನೇ ನಿಲ್ಲಿಸಿ ಬರುವುದನ್ನು ಕಲಿಯೋಕೆ ಮೊದಲ ತಿಂಗಳು ಪೂರ್ತಿ ಬೇಕು. ಅದು ನೋಟ್‌ಬುಕ್ಕಿನಲ್ಲಿ ಕಾಣುವುದಿಲ್ಲ. ಬೆರಳಿಗೆ ಬಲ ಬರುವ ಮೊದಲೇ ಪೆನ್ಸಿಲ್ ಕೊಟ್ಟರೆ ಮಗು ಅದನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ, ಆ ಹಿಡಿತ ಬಿಡಿಸೋಕೆ ಆಮೇಲೆ ಒದ್ದಾಟ.

ಏನು ಕಲಿತೆ ಅಂತ ಕೇಳಬೇಡಿ. ‘ಯಾರ ಪಕ್ಕ ಕೂತು ತಿಂಡಿ ತಿಂದೆ? ಜಾರುಬಂಡೆಯಲ್ಲಿ ಯಾರು ತಳ್ಳಿದರು?’ ಅಂತ ಕೇಳಿ. ಬಾಯಿ ಮುಚ್ಚಿಸೋದೇ ಕಷ್ಟ ಆಗುತ್ತೆ.

ಪ್ರಶ್ನೆ: ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಮೊಮ್ಮಗನನ್ನು ಬಿಡುವುದು ನಾನೇ. ಗೇಟಿನ ಹತ್ತಿರ ನನ್ನ ಸೆರಗು ಹಿಡಿದು ಅಳುತ್ತಾನೆ, ಕರುಳು ಕಿತ್ತು ಬರುತ್ತದೆ. ಕಿಟಕಿ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಮಿಸ್ ಬೇಡ ಅನ್ನುತ್ತಾರೆ.
– ಒಬ್ಬ ಅಜ್ಜಿ, ಶಿವಮೊಗ್ಗ

ಉತ್ತರ: ಅಮ್ಮ, ಮಿಸ್ ಹೇಳಿದ್ದು ಸರಿ. ನೀವು ಕಿಟಕಿಯಲ್ಲಿ ಕಂಡರೆ ಅವನ ಪಾಲಿಗೆ ಇನ್ನೂ ಗೇಟೇ ದಾಟಿಲ್ಲ. ಹಾಗಂತ ಅವನು ಆ ಕಡೆ ನೋಡುವಾಗ ಮೆಲ್ಲಗೆ ಜಾರಿಕೊಳ್ಳಬೇಡಿ. ಒಂದು ಸಲ ಹಾಗೆ ಮಾಡಿದರೆ ಮರುದಿನ ಸೆರಗು ಇನ್ನೂ ಬಿಗಿಯಾಗುತ್ತದೆ. ಹೇಳಿಯೇ ಹೊರಡಿ. ಹೇಗೆ ಹೇಳುತ್ತೀರಿ ಅನ್ನುವುದು ಮುಖ್ಯ. ‘ಹನ್ನೆರಡೂವರೆಗೆ ಬರ್ತೀನಿ’ ಅಂದರೆ ಅವನಿಗೆ ಏನೂ ಗೊತ್ತಾಗುವುದಿಲ್ಲ, ಗಡಿಯಾರ ನೋಡೋಕೆ ಬರಬೇಕಲ್ಲ. ‘ತಿಂಡಿ ತಿಂತೀಯ, ಆಡ್ತೀಯ, ಮಿಸ್ ಕಥೆ ಹೇಳ್ತಾರೆ, ಕಥೆ ಮುಗಿದ ತಕ್ಷಣ ಅಜ್ಜಿ ಗೇಟಲ್ಲಿ’ ಅನ್ನಿ. ತಿಂಡಿ ಆದ ಮೇಲೆ ಆಟ, ಆಟ ಆದ ಮೇಲೆ ಕಥೆ ಅನ್ನುವುದು ತಪ್ಪದೆ ನಡೆದರೆ ಅದೇ ಅವನ ಗಡಿಯಾರ. ದಿನವೂ ಒಂದೇ ಕ್ರಮ ಇಡುವುದು ಅದಕ್ಕೇ, ಮಿಸ್‌ಗಳಿಗೆ ಹೊಸದು ಹೊಳೆಯದೆ ಅಲ್ಲ.

ನನ್ನ ತರಗತಿಯಲ್ಲಿ ಒಬ್ಬ ಹುಡುಗ ಬೆನ್ನಿಂದ ಬ್ಯಾಗ್ ಇಳಿಸುತ್ತಲೇ ಇರಲಿಲ್ಲ. ಹಾಡಿಗೂ ಬ್ಯಾಗ್, ತಿಂಡಿಗೂ ಬ್ಯಾಗ್. ಅದು ಬೆನ್ನ ಮೇಲಿದ್ದರೆ ಯಾವಾಗ ಬೇಕಾದರೂ ಮನೆಗೆ ಹೊರಡಬಹುದು ಅನ್ನುವುದು ಅವನ ಲೆಕ್ಕ. ಆಗ ನನಗೂ ಕೆಲಸ ಹೊಸದು, ಒಂದು ದಿನ ಬಲವಂತವಾಗಿ ಬಿಚ್ಚಿಬಿಟ್ಟೆ. ಮನೆಗೆ ಹೋಗುವವರೆಗೂ ಅತ್ತ. ಮರುದಿನದಿಂದ ನಾನು ಆ ಮಾತೇ ಎತ್ತಲಿಲ್ಲ. ಒಂದು ವಾರ ಕಳೆದ ಮೇಲೆ ಜಾರುಬಂಡೆ ಹತ್ತೋಕೆ ಬ್ಯಾಗ್ ಅಡ್ಡ ಬಂತು ನೋಡಿ, ಓಡಿ ಬಂದು ನನ್ನ ಕೈಗೆ ಕೊಟ್ಟು ‘ಹಿಡ್ಕೊಳ್ಳಿ ಮಿಸ್’ ಅಂದ!

ಪ್ರಶ್ನೆ: ಬೆಳಗ್ಗೆ ಅಂಗಡಿ ತೆಗೆದು ಹೊರಡುವಷ್ಟರಲ್ಲಿ ಹತ್ತು ಹದಿನೈದು ನಿಮಿಷ ತಡ ಆಗುತ್ತದೆ. ಎಲ್‌ಕೆಜಿಗೆ ಅಷ್ಟೊಂದು ಟೈಮಾ?
– ಒಬ್ಬ ತಂದೆ, ದಾವಣಗೆರೆ

ಉತ್ತರ: ಎಲ್‌ಕೆಜಿಗೇ ಜಾಸ್ತಿ. ಎಲ್ಲರೂ ಸುತ್ತ ಕೂತು ಹಾಡುವಾಗ ನಿಮ್ಮ ಮಗು ಒಬ್ಬನೇ ಬಾಗಿಲಲ್ಲಿ ನಿಲ್ಲುತ್ತಾನೆ, ಇಪ್ಪತ್ತೈದು ಮುಖ ಅವನ ಕಡೆ ತಿರುಗುತ್ತವೆ. ನೀವು ಹಾಗೆ ನಿಂತು ನೋಡಿ. ಅಂಗಡಿ ಕಾಲು ಗಂಟೆ ತಡವಾಗಿ ತೆಗೆಯಿರಿ.

ಪ್ರಶ್ನೆ: ಡಬ್ಬಿ ಹಾಕಿಕೊಟ್ಟ ಹಾಗೇ ವಾಪಸ್ ಬರುತ್ತದೆ. ಮಿಸ್ ನೋಡಬಾರದಾ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ನೋಡುತ್ತಾರೆ, ಆದರೆ ಇಪ್ಪತ್ತು ನಿಮಿಷದಲ್ಲಿ ಇಪ್ಪತ್ತೈದು ಡಬ್ಬಿ. ಮೊದಲು ಆ ಮುಚ್ಚಳ ನೋಡಿ. ನಾಲ್ಕು ಕಡೆ ಕ್ಲಿಪ್ ಇರುವ ದುಬಾರಿ ಡಬ್ಬಿ ನನ್ನ ಕೈಗೇ ಬಗ್ಗುತ್ತಿರಲಿಲ್ಲ. ಮಗು ಎರಡು ಸಲ ಎಳೆದು, ಬರದಿದ್ದರೆ ಹಾಗೇ ಬ್ಯಾಗಿಗೆ ಹಾಕುತ್ತದೆ. ಕೇಳೋಕೆ ನಾಚಿಕೆ. ಭಾನುವಾರ ಅದೇ ಡಬ್ಬಿಯಲ್ಲಿ ಮನೆಯಲ್ಲೇ ತಿಂಡಿ ಕೊಡಿ, ತಾನೇ ತೆಗೆದು ತಿನ್ನಲಿ. ಕಡಿಮೆ ಹಾಕಿ. ಎಂಟು ಗಂಟೆಗೆ ಎರಡು ದೋಸೆ ತಿಂದವರಿಗೆ ಹತ್ತೂವರೆಗೆ ನಾಲ್ಕು ಇಡ್ಲಿ ಎಲ್ಲಿ ಹೋಗುತ್ತೆ? ದ್ರಾಕ್ಷಿ ಕೊಡುವುದಾದರೆ ಉದ್ದಕ್ಕೆ ಸೀಳಿ ಹಾಕಿ, ಇಡೀ ಕಡಲೆಬೀಜ ಬೇಡವೇ ಬೇಡ. ಗಂಟಲಿಗೆ ಸಿಕ್ಕುತ್ತವೆ.

ನೀವು ಕೇಳದ್ದು ಒಂದಿದೆ. ಬೆಲ್ಟು, ಬಿಗಿ ಗುಂಡಿಯ ಚಡ್ಡಿ ಬೇಡ, ಎಲಾಸ್ಟಿಕ್ ಇರಲಿ. ಮನೆಯಲ್ಲಿ ನೀವು ‘ಸುಸ್ಸು’ ಅಂತೀರೋ ‘ಒಂದಕ್ಕೆ’ ಅಂತೀರೋ ಅದನ್ನು ಮಿಸ್‌ಗೆ ಹೇಳಿಡಿ, ಮಗುವಿಗೂ ಅದನ್ನೇ ಹೇಳೋಕೆ ಬಿಡಿ. ‘ಮೇ ಐ ಗೋ ಟು ಟಾಯ್ಲೆಟ್ ಮಿಸ್’ ಅಂತ ಬಾಯಿಪಾಠ ಮಾಡಿಸಿ ಕಳಿಸುತ್ತಾರೆ. ಅವಸರದಲ್ಲಿ ಆ ವಾಕ್ಯ ನೆನಪಾಗುವಷ್ಟರಲ್ಲಿ ಚಡ್ಡಿ ಒದ್ದೆ. ಬ್ಯಾಗಿನ ತಳದಲ್ಲಿ ಒಂದು ಜೊತೆ ಬಟ್ಟೆ ಇಡಿ.