ಸಿಡಿ ಡಬ್ಬಿ ಮುರಿಯುತ್ತೆ, ಶಾಂಪೂ ಮುಚ್ಚಳ ಯಾಕೆ ಮುರಿಯಲ್ಲ?

ಪ್ರಶ್ನೆ: ಹಳೆಯ ಸಿಡಿ ಡಬ್ಬಿಯ ಕೀಲು ಕೈ ತಾಗಿದರೆ ಸಾಕು, ಪಟ್ಟಂತ ಮುರಿಯುತ್ತದೆ. ಶಾಂಪೂ ಬಾಟಲಿಯ ಮುಚ್ಚಳ ಎಷ್ಟು ಸಲ ಮಡಚಿದರೂ ಏನೂ ಆಗುವುದಿಲ್ಲ. ಒಂದು ಪಾಲಿಸ್ಟೈರೀನ್, ಇನ್ನೊಂದು ಪಾಲಿಪ್ರೊಪಿಲೀನ್. ಎರಡರಲ್ಲೂ ಇರುವುದು ಕಾರ್ಬನ್, ಹೈಡ್ರೋಜನ್ ಅಷ್ಟೇ ಅಲ್ವಾ? ಮತ್ತೆ ಯಾಕೆ ಹೀಗೆ?
– ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಹೌದು, ಬೆನ್ನೆಲುಬು ಎರಡರದ್ದೂ ಒಂದೇ, ಕಾರ್ಬನ್ನಿನ ಉದ್ದನೆಯ ಸರಪಳಿ. ಬೇರೆಯಾಗಿರುವುದು ಅದರ ಪಕ್ಕಕ್ಕೆ ಅಂಟಿಕೊಂಡ ಗುಂಪು. ಪಾಲಿಪ್ರೊಪಿಲೀನ್‌ನಲ್ಲಿ ಒಂದು ಕಾರ್ಬನ್ ಬಿಟ್ಟು ಒಂದಕ್ಕೆ ಪುಟ್ಟ ಮೀಥೈಲ್ ಗುಂಪು (ಒಂದು ಕಾರ್ಬನ್, ಮೂರು ಹೈಡ್ರೋಜನ್) ಇರುತ್ತದೆ. ಪಾಲಿಸ್ಟೈರೀನ್‌ನಲ್ಲಿ ಅದೇ ಜಾಗದಲ್ಲಿ ಆರು ಕಾರ್ಬನ್‌ಗಳ ಬೆಂಜೀನ್ ಉಂಗುರ. ಚಪ್ಪಟೆ, ಗಡುಸು, ದಪ್ಪ.

ಸರಪಳಿ ಬಾಗಬೇಕಾದರೆ ಅದರ ಕೊಂಡಿಗಳು ತಿರುಗಬೇಕು. ಉಂಗುರಗಳು ಅದಕ್ಕೆ ಬಿಡುವುದಿಲ್ಲ. ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟುವ ತನಕ ಪಾಲಿಸ್ಟೈರೀನ್ ಸರಪಳಿಗಳು ಬಿಗಿಯಾಗಿ ಕೂತಿರುತ್ತವೆ. ಅಂದರೆ ನಿಮ್ಮ ಸಿಡಿ ಡಬ್ಬಿ ಒಂಥರಾ ಗಾಜೇ. ಪಾಲಿಪ್ರೊಪಿಲೀನ್‌ಗೆ ಈ ಗಡಿ ಇರುವುದು ಸೊನ್ನೆ ಡಿಗ್ರಿಯ ಆಸುಪಾಸು. ಬಚ್ಚಲುಮನೆಯಲ್ಲಿ ಆರಾಮಾಗಿ ಬಾಗುವ ಇದೇ ಪ್ಲಾಸ್ಟಿಕ್, ಫ್ರೀಜರಿನಿಂದ ತೆಗೆಯುವಾಗ ಕೈಜಾರಿ ಬಿದ್ದರೆ ಬಿರುಕು ಬಿಡಬಹುದು.

ಹಾಗಾದರೆ ಮುಚ್ಚಳ ಮೆತ್ತಗಾಗಿ ಕುಸಿಯದಿರುವುದು ಹೇಗೆ? ಇಲ್ಲೇ ಇರುವುದು ಸ್ವಾರಸ್ಯ. 1954ರಲ್ಲಿ ಇಟಲಿಯ ರಸಾಯನವಿಜ್ಞಾನಿ ಜೂಲಿಯೊ ನಟ್ಟಾ ಮೀಥೈಲ್ ಗುಂಪುಗಳೆಲ್ಲ ಒಂದೇ ಮಗ್ಗುಲಿಗೆ ಬರುವ ಪಾಲಿಪ್ರೊಪಿಲೀನ್ ತಯಾರಿಸಿದರು. ಇಂಥ ಸರಪಳಿಗಳು ಒತ್ತೊತ್ತಾಗಿ ಕೂತು ಹರಳುಗಟ್ಟುತ್ತವೆ. ಆ ಹರಳು ಕರಗಲು ಸುಮಾರು 165 ಡಿಗ್ರಿ ಬೇಕು. ಅವೇ ಗುಂಪುಗಳು ಅಡ್ಡಾದಿಡ್ಡಿ ಬಂದರೆ ಸಿಗುವುದು ಮೆತ್ತನೆಯ, ಕೈಗೆ ಅಂಟುವ ಮುದ್ದೆ. ಪರಮಾಣುಗಳು ಅವೇ, ಲೆಕ್ಕವೂ ಅದೇ! ಈ ಕೆಲಸಕ್ಕೆ ನಟ್ಟಾ ಅವರಿಗೆ 1963ರಲ್ಲಿ ಕಾರ್ಲ್ ಝೀಗ್ಲರ್ ಜೊತೆ ನೊಬೆಲ್ ಬಂತು. ಮಾಮೂಲಿ ಪಾಲಿಸ್ಟೈರೀನ್‌ನಲ್ಲಿ ಉಂಗುರಗಳು ಅಡ್ಡಾದಿಡ್ಡಿಯಾಗೇ ಇರುತ್ತವೆ. ಹರಳಿಲ್ಲದ್ದರಿಂದ ಬೆಳಕು ಚದುರುವುದಿಲ್ಲ, ಡಬ್ಬಿ ತಿಳಿಯಾಗಿ ಕಾಣುತ್ತದೆ.

ಪಕ್ಕದ ಗುಂಪು ದೊಡ್ಡದಾದಷ್ಟೂ ಪ್ಲಾಸ್ಟಿಕ್ ಗಡುಸು ಅಂತ ಮಾತ್ರ ಬರೆದುಕೊಳ್ಳಬೇಡಿ. ಅಕ್ರಿಲಿಕ್ ಶೀಟ್, ಅಂದರೆ ಪಾಲಿ ಮೀಥೈಲ್ ಮೆಥಕ್ರಿಲೇಟ್, ಮೆದುವಾಗುವುದು ಸುಮಾರು 105 ಡಿಗ್ರಿಯಲ್ಲಿ. ಅದರ ಪಕ್ಕಕ್ಕಿರುವ ಎಸ್ಟರ್ ಎಂಬ ಗುಂಪಿನ ತುದಿಯ ಮೀಥೈಲ್ ತೆಗೆದು ನಾಲ್ಕು ಕಾರ್ಬನ್‌ನ ಬ್ಯುಟೈಲ್ ಬಾಲ ಹಚ್ಚಿದರೆ ಮೆದುವಾಗುವ ಗಡಿ ಸುಮಾರು 20 ಡಿಗ್ರಿಗೆ ಇಳಿಯುತ್ತದೆ. ಬಾಲ ಉದ್ದವೇನೋ ಹೌದು, ಆದರೆ ಸಡಿಲ. ಅಕ್ಕಪಕ್ಕದ ಸರಪಳಿಗಳನ್ನು ದೂರ ತಳ್ಳಿ ಓಡಾಡಲು ಜಾಗ ಮಾಡಿಕೊಡುತ್ತದೆ. ಗೋಡೆಗೆ ಹಚ್ಚುವ ಅಕ್ರಿಲಿಕ್ ಪೇಂಟಿನಲ್ಲಿ ಗಡುಸಿಗೆ ಮೀಥೈಲ್ ಮೆಥಕ್ರಿಲೇಟ್, ಮೆದುವಿಗೆ ಬ್ಯುಟೈಲ್ ಅಕ್ರಿಲೇಟ್ ಸೇರಿಸುವುದುಂಟು. ಮೊದಲನೆಯದು ಜಾಸ್ತಿಯಾದರೆ ಬಣ್ಣ ಬಿರಿಯುತ್ತದೆ, ಎರಡನೆಯದು ಜಾಸ್ತಿಯಾದರೆ ಧೂಳು ಮೆತ್ತಿಕೊಳ್ಳುತ್ತದೆ.